ಮೂರನೆಯ ಶೆಡ್ಡಿನ ಕೈಗಳು

ಕಣ್ಣೂರು
4 ಜನವರಿ 1998

ಅಮ್ಮಾ,

ಹೊಸ ವರ್ಷಕ್ಕೆ ನೀನು ಕಳಿಸಿದ ಬಾಳೆಕಾಯಿ ಚಿಪ್ಸು ಹಾಸ್ಟೆಲಿನಲ್ಲಿ ಅರ್ಧ ದಿನವೂ ಉಳಿಯಲಿಲ್ಲ. ಡಬ್ಬಿಯನ್ನು ತೊಳೆದು ಇಟ್ಟಿದ್ದೇನೆ. ನೀನು ಕೇಳುವ ಮೊದಲೇ ಹೇಳಿಬಿಟ್ಟೆ.

ಮೂರನೇ ವರ್ಷದ ನರ್ಸಿಂಗ್‌ನವರನ್ನು ಎಂಟು ವಾರ ವಾರ್ಡಿನಿಂದ ಹೊರಗೆ ಅಟ್ಟಿದ್ದಾರೆ. ಊರ ಜನರ ನಡುವೆ ಕೆಲಸ ಮಾಡಿ, ಅವರಿಗೆ ಉಪಯೋಗವಾಗಿ, ಅದರಿಂದಲೇ ಪಾಠ ಕಲಿಯಬೇಕಂತೆ. ನನಗೆ ಸಿಕ್ಕಿದ್ದು ನೇಕಾರರ ಕಾಲೊನಿ. ವಿಷಯ ಸ್ತನದ ಕ್ಯಾನ್ಸರ್. ಮೊದಲ ದಿನ ಆ ಮಾತು ಬಾಯಿಂದ ಹೊರಡುವಷ್ಟರಲ್ಲಿ ನನ್ನ ಕಿವಿ ಕೆಂಪಾಗಿತ್ತು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಚೀರು ಎಂಬ ಎಪ್ಪತ್ತರ ಅಜ್ಜಿ, "ನಾಚ್ಕೋಬೇಡ ಮಗಾ, ಹೇಳು. ನೀನು ಹುಟ್ಟೋಕೆ ಮುಂಚೆಯಿಂದ ಇವು ನಮ್ಮ ಜೊತೇಲೇ ಇದಾವೆ" ಅಂದಳು. ಆಮೇಲೆ ನನಗೆ ಧೈರ್ಯ ಬಂತು.

ಪಾಠಕ್ಕೆಂದು ಹತ್ತಿ ತುಂಬಿ ಬಟ್ಟೆಯದೊಂದು ಮೊಲೆ ಹೊಲಿದಿದ್ದೇನೆ. ಒಳಗೆ ಅಲ್ಲಲ್ಲಿ ಹುಣಸೆಬೀಜ, ಮೆಣಸಿನ ಕಾಳು, ಸಾಸಿವೆ ಅಡಗಿಸಿದ್ದೇನೆ. ಗಂಟು ಕೈಗೆ ಹೇಗೆ ಸಿಗುತ್ತದೆ ಎಂದು ತಿಳಿಯಲಿ ಅಂತ. ಚೀರು ಅಜ್ಜಿ ಕಣ್ಣು ಮುಚ್ಚಿಕೊಂಡು ಸಾಸಿವೆಯನ್ನೂ ಹಿಡಿದುಬಿಟ್ಟಳು! ನೂಲಿನ ಎಳೆ ತುಂಡಾದರೆ ಕತ್ತಲಲ್ಲೂ ಅವರ ಬೆರಳಿಗೆ ಗೊತ್ತಾಗುತ್ತದೆ.

ನೀನೂ ನೋಡಿಕೊಳ್ಳಬೇಕು. ಸ್ನಾನ ಮಾಡುವಾಗ ಸೋಪು ಹಚ್ಚಿದ ಮೈಮೇಲೆ ಮೂರು ಬೆರಳ ತುದಿಯನ್ನು ಜೋಡಿಸಿ, ಮೆಲ್ಲಗೆ ಒತ್ತುತ್ತಾ ಸುತ್ತಿಸುತ್ತಾ ಬಾ. ಕಂಕುಳವರೆಗೂ ಹೋಗಬೇಕು. ಗಟ್ಟಿಯಾಗಿ ಏನಾದರೂ ಸಿಕ್ಕರೆ ಆಸ್ಪತ್ರೆ. ಕೈಗೆ ಏನೂ ಸಿಗದಿದ್ದರೆ ಭಯವಿಲ್ಲ. ಗೇರುಬೀಜದ ಫ್ಯಾಕ್ಟರಿಯಲ್ಲಿ ನಿನ್ನ ಶೆಡ್ಡಿನವರಿಗೂ ಹೇಳು. ನೋವಿಲ್ಲದ ಗಂಟನ್ನೇ ಹೆಚ್ಚು ಅನುಮಾನಿಸಬೇಕು ಎನ್ನುವುದನ್ನು ಮರೆಯಬೇಡ.

ನಿನ್ನ ಪ್ರಸೀದ

---

ಕಿಳಿಕೊಲ್ಲೂರು
15 ಜನವರಿ 1998

ಮೋಳೇ,

ನಿನ್ನ ಪತ್ರ ಓದಿ ಮೊದಲು ಬಾಗಿಲು ಹಾಕಿಕೊಂಡೆ. ಆಮೇಲೆ ನಗು ಬಂತು. ಹೆತ್ತವಳಿಗೇ ಮೈ ಮುಟ್ಟಿಕೊಳ್ಳುವುದನ್ನು ಕಲಿಸುವಷ್ಟು ಬೆಳೆದೆಯಲ್ಲ.

ಹೇಳಿದಂತೆಯೇ ಮಾಡಿದೆ. ಏನೂ ಇಲ್ಲ. ಮರುದಿನ ಊಟದ ಹೊತ್ತಿಗೆ ಶೆಡ್ಡಿನಲ್ಲಿ ಎಲ್ಲರ ಮುಂದೆ ನಿನ್ನ ಪತ್ರ ಓದಿದೆ. ಚಿಪ್ಸಿನ ಸಾಲುಗಳನ್ನು ಮಾತ್ರ ಬಿಟ್ಟೆ, ಇಲ್ಲದಿದ್ದರೆ ನಮಗೂ ಮಾಡಿಕೊಡು ಅನ್ನುತ್ತಿದ್ದರು. ಬೀಜ ಒಡೆಯುವ ಮರದ ಸುತ್ತಿಗೆ ಕೆಳಗಿಟ್ಟು ಎಲ್ಲರೂ ಕಿವಿಗೊಟ್ಟು ಕೇಳಿದರು. ಚೆಲ್ಲಮ್ಮನ ಮಗಳು ನರ್ಸು, ಅವಳ ಮಾತು ಡಾಕ್ಟರ ಮಾತಿಗೆ ಸಮ ಅಂದರು. ಒಂದು ವಾರದಲ್ಲಿ ಎಲ್ಲರೂ ನೋಡಿಕೊಂಡು ಬಂದು ಹೇಳಿದರು. ಮೂರನೆಯ ಶೆಡ್ಡಿನಲ್ಲಿ ನಾನೂ ಸೇರಿ ಇಪ್ಪತ್ತೇಳು ಮಂದಿ, ಒಬ್ಬಳಿಗೂ ಏನೂ ಇಲ್ಲ.

ನಿನ್ನ ಗೋಮತಿ ಚಿಕ್ಕಮ್ಮನಿಗೆ ಹೆಚ್ಚು ಸಮಾಧಾನ. ಎಡಗಡೆ ಏನೋ ಭಾರ ಅಂತ ದೊಡ್ಡಾಸ್ಪತ್ರೆಗೆ ಹೊರಟಿದ್ದವಳು, ನಿನ್ನ ಪತ್ರದಂತೆ ಬೆರಳಾಡಿಸಿ ನೋಡಿ ಏನೂ ಸಿಗದೆ ಬಸ್ಸಿಗೆ ಹೋಗಲೇ ಇಲ್ಲ. ಅಲ್ಲಿ ಸಾಲಿನಲ್ಲಿ ನಿಲ್ಲುವುದು ತಪ್ಪಿತು ಎಂದು ನಿನಗೆ ನೂರು ಮುತ್ತು ಕಳಿಸಿದ್ದಾಳೆ. ಶೆಡ್ಡಿನ ಮೂಲೆಯಲ್ಲಿ ನಿನ್ನ ಜೋಲಿ ತೂಗಿದವಳಲ್ಲವೇ.

ಅಮ್ಮ

---

ಕಣ್ಣೂರು
22 ಜನವರಿ 1998

ಅಮ್ಮಾ,

ನಿನ್ನ ಪತ್ರವನ್ನು ಲೀಲಾಮಣಿ ಟೀಚರಿಗೆ ತೋರಿಸಿದೆ. ಇಪ್ಪತ್ತೇಳು ಮಂದಿ! ನಮ್ಮ ತಂಡ ಬಿಸಿಲಲ್ಲಿ ಮೂರು ವಾರ ಅಲೆದು ನಲವತ್ತು ಮಂದಿಗೆ ಕಲಿಸಿದರೆ, ನೀನು ಗಂಜಿ ಕುಡಿಯುವ ಹೊತ್ತಿನಲ್ಲಿ ಇಪ್ಪತ್ತೇಳು ಮಂದಿಗೆ ಕಲಿಸಿದ್ದೀಯ. ತರಗತಿಯಲ್ಲಿ ನಿನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ಫೆಬ್ರವರಿ ಇಪ್ಪತ್ತಕ್ಕೆ ಶಾಲೆಯ ವಾರ್ಷಿಕೋತ್ಸವ. ಅಲ್ಲಿ ಗೋಡೆಗೆ ಹಾಕಲು ಒಂದು ದೊಡ್ಡ ಹಾಳೆ ಬರೆಯಲು ಹೇಳಿದ್ದಾರೆ: ಗೇರುಬೀಜ ಕಾರ್ಮಿಕರು ಇಪ್ಪತ್ತೇಳು, ಗಂಟು ಸೊನ್ನೆ.

ಗೋಮತಿ ಚಿಕ್ಕಮ್ಮನಿಗೆ ಹೇಳು, ನೂರು ಮುತ್ತು ತಲುಪಿತು, ರಜೆಗೆ ಬಂದಾಗ ಮರಗೆಣಸು, ಮೀನುಸಾರು ಬೇಕು ಅಂತ.

ಪ್ರಸೀದ

---

ಕಿಳಿಕೊಲ್ಲೂರು
2 ಫೆಬ್ರವರಿ 1998

ಮೋಳೇ,

ಚಪ್ಪಾಳೆ ಕೇಳಿಸಿತು. ಇಲ್ಲಿ ಸುಟ್ಟ ಬೀಜದ ಹೊಗೆಯಲ್ಲಿ ಅದೊಂದೇ ತಂಪು.

ಬರೆಯಲು ಹೆಚ್ಚೇನಿಲ್ಲ. ಈ ಸಲ ಬಂದ ಬೀಜದ ಸಿಪ್ಪೆಯಲ್ಲಿ ಸುಡುವ ಎಣ್ಣೆ ಜಾಸ್ತಿ. ಕೈಗೆ ಬೂದಿ ಎಷ್ಟು ಬಳಿದುಕೊಂಡರೂ ಚರ್ಮ ಸುಲಿಯುತ್ತದೆ. ಮೊನ್ನೆ ಒಲೆಯ ಮೇಲಿನ ಕಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸಿದೆನಂತೆ. ನೋಡಿದ ಪಕ್ಕದ ಮನೆಯವಳು ಕೂಗಿಕೊಂಡಳು. ನನಗೆ ಗೊತ್ತೇ ಆಗಲಿಲ್ಲ. ಚೆಲ್ಲಮ್ಮನ ಕೈಗೆ ಬೆಂಕಿಯೂ ಹೆದರುತ್ತದೆ ಎಂದು ಗೋಮತಿ ನಗಾಡಿದಳು.

ಗೋಮತಿ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಎಡಗಡೆ ನೋವಂತೆ. ಸಿಪ್ಪೆಯ ಮೂಟೆ ಹೊತ್ತದ್ದಕ್ಕೆ ಇರಬೇಕು. ನೀನು ಓದಿನ ಕಡೆ ಗಮನ ಕೊಡು.

ಅಮ್ಮ

---

ಕಣ್ಣೂರು
7 ಫೆಬ್ರವರಿ 1998

ಅಮ್ಮಾ,

ಇದನ್ನು ಶೆಡ್ಡಿನಲ್ಲಿ ಗಟ್ಟಿಯಾಗಿ ಓದಬೇಡ. ಮೊದಲು ನೀನೊಬ್ಬಳೇ ಓದು.

ಕಾದ ಪಾತ್ರೆಯ ವಿಷಯ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಸಣ್ಣವಳಿದ್ದಾಗ ಸೂಜಿಗೆ ದಾರ ಪೋಣಿಸಿಕೊಡು ಎಂದು ನೀನು ನನ್ನನ್ನೇ ಕರೆಯುತ್ತಿದ್ದೆ. ನಿನ್ನ ಕಾಲಿಗೆ ಮುಳ್ಳು ಚುಚ್ಚಿದರೆ ಎಲ್ಲಿದೆ ಎಂದು ನನ್ನ ಬೆರಳು ಹುಡುಕಬೇಕಾಗಿತ್ತು. ಕಣ್ಣು ಮಂಜು ಅನ್ನುತ್ತಿದ್ದೆ. ಕಣ್ಣಲ್ಲ ಅಮ್ಮ, ಬೆರಳು. ಇಪ್ಪತ್ತೆರಡು ವರ್ಷ ಸಿಪ್ಪೆಯ ಎಣ್ಣೆ ನಿನ್ನ ಬೆರಳ ತುದಿಯನ್ನು ಸುಟ್ಟಿದೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಆದರೂ ನೇಕಾರರ ಬೆರಳು ನೋಡಿದ ಖುಷಿಯಲ್ಲಿ ಎಲ್ಲರ ಕೈಯೂ ಒಂದೇ ಎಂದುಕೊಂಡು ಬರೆದುಬಿಟ್ಟೆ.

ನಿನ್ನೆ ನನ್ನ ಬೆರಳುಗಳಿಗೆ ಗಾಯಕ್ಕೆ ಸುತ್ತುವ ಪಟ್ಟಿಯನ್ನು ದಪ್ಪಗೆ ಸುತ್ತಿಕೊಂಡು ಆ ಬಟ್ಟೆಯ ಮೊಲೆಯನ್ನು ಮುಟ್ಟಿ ನೋಡಿದೆ. ಹುಣಸೆಬೀಜ ಕೂಡ ಸಿಗಲಿಲ್ಲ. ಅದನ್ನು ಒಳಗಿಟ್ಟವಳು ನಾನೇ!

ನಿಮ್ಮ ಇಪ್ಪತ್ತೇಳು ಮಂದಿಗೆ ಏನೂ ಇಲ್ಲ ಎಂದು ಹೇಳಿದ್ದು ಸತ್ತುಹೋದ ಬೆರಳುಗಳು. ಗೋಮತಿ ಚಿಕ್ಕಮ್ಮ ಆಸ್ಪತ್ರೆಗೆ ಹೊರಟವಳು ನನ್ನ ಪತ್ರ ಕೇಳಿ ನಿಂತಳು ಎಂದು ನೀನು ಆಗಲೇ ಬರೆದಿದ್ದೆ. ನಾನು ಅದನ್ನು ಓದಿ ಮರಗೆಣಸು ಕೇಳಿದೆ. ಅವಳನ್ನು ಇವತ್ತೇ ಕರೆದುಕೊಂಡು ಹೋಗು.

ಉಳಿದವರನ್ನು ಬೇರೆಯವರ ಕೈ ನೋಡಬೇಕು. ಗ್ರೇಡಿಂಗ್ ಕೋಣೆಯಲ್ಲಿ ಬಿಳಿ ಬೀಜ ಆರಿಸುವವರ ಕೈಗೆ ಎಣ್ಣೆ ತಾಗುವುದಿಲ್ಲ. ಕೂದಲೆಳೆಯಷ್ಟು ಬಿರುಕಿದ್ದರೂ ಬೆರಳಲ್ಲೇ ಗುರುತಿಸುತ್ತಾರೆ ಎಂದು ನೀನೇ ಹೇಳುತ್ತಿದ್ದೆ. ಅವರಲ್ಲಿ ಹಳಬರು ವಿಲಾಸಿನಿಯಮ್ಮ. ಅವರನ್ನು ಕೇಳು.

ಪ್ರಸೀದ

---

ಕಣ್ಣೂರು
16 ಫೆಬ್ರವರಿ 1998

ಅಮ್ಮಾ,

ಒಂಬತ್ತು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಮೊನ್ನೆ ಬೂತಿನಿಂದ ಫ್ಯಾಕ್ಟರಿಯ ಆಪೀಸಿಗೆ ಫೋನ್ ಮಾಡಿದೆ. ಗುಮಾಸ್ತರು ಎತ್ತಿ, "ಚೆಲ್ಲಮ್ಮ ಕೆಲಸದಲ್ಲಿದಾಳೆ, ಏನ್ ವಿಷಯ ಹೇಳು, ತಿಳಿಸ್ತೀನಿ" ಅಂದರು. ಏನೆಂದು ಹೇಳಲಿ ಅವರಿಗೆ? ಇಟ್ಟುಬಿಟ್ಟೆ.

ಗೋಮತಿ ಚಿಕ್ಕಮ್ಮ ಹೋದಳಾ? ಇದೊಂದಕ್ಕೆ ಉತ್ತರ ಬರೆ. ಹೌದು ಅಥವಾ ಇಲ್ಲ. ಕಾಲೊನಿಯಲ್ಲಿ ಹೆಂಗಸರು ನನ್ನನ್ನು ನಂಬಿ ಕುಪ್ಪಸ ಬಿಚ್ಚುವಾಗ ನನಗೆ ಅಳು ಬರುತ್ತದೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಟೀಚರಿಗೆ ಇನ್ನೂ ಏನೂ ಹೇಳಿಲ್ಲ. ಇಪ್ಪತ್ತೇಳು, ಸೊನ್ನೆ ಎಂದು ಬಣ್ಣದಲ್ಲಿ ಬರೆದ ಹಾಳೆ ಆಗಲೇ ಸಭಾಂಗಣದ ಗೋಡೆಯ ಮೇಲಿದೆ. ಹೊರಗಿನಿಂದ ಬರುವ ದೊಡ್ಡವರಿಗೆ ತೋರಿಸುತ್ತಾರಂತೆ. ದಿನವೂ ಅದರ ಮುಂದೆಯೇ ತಲೆ ತಗ್ಗಿಸಿ ನಡೆಯುತ್ತೇನೆ.

ಪ್ರಸೀದ

---

ಕಿಳಿಕೊಲ್ಲೂರು
18 ಫೆಬ್ರವರಿ 1998

ಪ್ರಸೀದಾ,

ಏಳನೆಯ ತಾರೀಖಿನ ಪತ್ರ ಬಂದು ವಾರವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಹಾಗೆಯೇ ಬರೆಯುತ್ತಿದ್ದೇನೆ.

ನಾನು ವಿಲಾಸಿನಿಯಮ್ಮನ ಮುಂದೆ ನಿಲ್ಲಬೇಕಾ? ನಿನಗೆ ಆಗ ಆರು ವರ್ಷ. ಮಳೆಗಾಲದಲ್ಲಿ ಆಟವಾಡುತ್ತಾ ಗ್ರೇಡಿಂಗ್ ಕೋಣೆಗೆ ಓಡಿ, ಬಿಳಿ ಬೀಜದ ರಾಶಿಯ ಮೇಲೆ ಕೈಯಿಟ್ಟೆ. ಅವಳು ಆ ತಟ್ಟೆಯನ್ನೇ ಹೊರಗೆ ಚೆಲ್ಲಿಸಿ, ಮೇಜಿಗೆ ನೀರು ಹಾಕಿಸಿ ತೊಳೆಸಿದಳು. ಎಲ್ಲರೂ ನೋಡುತ್ತಿದ್ದರು. ನಿನ್ನ ಕೈಯಲ್ಲಿ ಎಣ್ಣೆ ಇರಲಿಲ್ಲ, ಬೂದಿ ಇರಲಿಲ್ಲ. ಒಡೆಯುವ ಶೆಡ್ಡಿನವಳ ಮಗಳು ಎನ್ನುವುದೊಂದೇ ಆ ಕೈಗೆ ಅಂಟಿದ ಕೊಳೆ. ಅವತ್ತೇ ನಾನು ನಿರ್ಧಾರ ಮಾಡಿದ್ದು, ನೀನು ಒಂದು ಹಸಿ ಬೀಜವನ್ನೂ ಮುಟ್ಟಬಾರದು ಎಂದು. ಹದಿನೈದು ವರ್ಷ ಅವಳ ಮುಖ ನೋಡದೆ ಬದುಕಿದ್ದೇನೆ. ಈಗ ಅವಳ ಮುಂದೆ ಕುಪ್ಪಸ ಬಿಚ್ಚು ಅನ್ನುತ್ತೀಯ.

ಇನ್ನೊಂದು. ಆಡಿದ ಮಾತು, ಒಡೆದ ಮುತ್ತು ಎರಡೂ ಕೂಡುವುದಿಲ್ಲ. ಭಯವಿಲ್ಲ ಎಂದು ನನ್ನ ಬಾಯಿಂದ ಕೇಳಿ ಇಪ್ಪತ್ತೇಳು ಮಂದಿ ನಿಶ್ಚಿಂತೆಯಿಂದ ಇದ್ದಾರೆ. ಅವರೆದುರು ನಿಂತು ನನ್ನ ಮಗಳು ಬರೆದದ್ದು ತಪ್ಪು ಎಂದು ಹೇಗೆ ಹೇಳಲಿ? ನನಗೆ ಇರುವುದು ನೀನೊಬ್ಬಳು, ಆ ಶೆಡ್ಡಿನಲ್ಲಿ ನನಗಿರುವ ಮರ್ಯಾದೆ ನಿನ್ನದೇ.

ಗೋಮತಿಯನ್ನು ಆಸ್ಪತ್ರೆಗೆ ಕರೆದೆ. ನೋವು ಕಡಿಮೆಯಾಗಿದೆ, ಪ್ರಸೀದ ಹೇಳಿದ ಮೇಲೆ ಇನ್ನೇನು ಎಂದು ನಕ್ಕಳು. ನಾನು ಒತ್ತಾಯ ಮಾಡಲಿಲ್ಲ. ನನ್ನದನ್ನು ಮತ್ತೊಮ್ಮೆ ನೋಡಿಕೊಂಡೆ. ಏನೂ ಇಲ್ಲ. ನನ್ನ ಬೆರಳು ಸತ್ತಿಲ್ಲ.

ಅಮ್ಮ

---

ಕಣ್ಣೂರು
22 ಫೆಬ್ರವರಿ 1998

ಅಮ್ಮಾ,

ಮೊನ್ನೆ ವಾರ್ಷಿಕೋತ್ಸವದ ಬೆಳಿಗ್ಗೆ, ಅತಿಥಿಗಳು ಬಂದು ಕೂತ ಮೇಲೆ, ನಾನು ಎದ್ದು ಹೋಗಿ ಆ ಸೊನ್ನೆಯ ಮೇಲೆ ಅಡ್ಡ ಗೆರೆ ಎಳೆದೆ. ಏಕೆ ಎಂದು ಕೇಳಿದರು. ಹೇಳಿದೆ. ನಿನ್ನ ಕೈಯ ಬಗ್ಗೆ ಹೇಳಿದೆ, ನನ್ನ ತಪ್ಪಿನ ಬಗ್ಗೆಯೂ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೀಲಾಮಣಿ ಟೀಚರ್, ಆ ಹೆಂಗಸರಿಗೆ ಹೇಳಿಯಾಯಿತಾ ಎಂದಷ್ಟೇ ಕೇಳಿದರು.

ನನ್ನ ಮರ್ಯಾದೆ ಹೋಗಿ ಆಯಿತು. ಇನ್ನು ನೀನು ಕಾಪಾಡಲು ಏನೂ ಉಳಿದಿಲ್ಲ.

ಬಟ್ಟೆಯ ಮೊಲೆಯನ್ನು ಈ ಪತ್ರದ ಜೊತೆ ಪಾರ್ಸೆಲ್ ಮಾಡಿದ್ದೇನೆ. ಒಳಗೆ ಏಳು ಕಾಳುಗಳಿವೆ. ನಿನ್ನ ಬೆರಳು ಸತ್ತಿಲ್ಲ ಅಂದೆಯಲ್ಲ. ಹುಡುಕು.

ಪ್ರಸೀದ

---

ಕಿಳಿಕೊಲ್ಲೂರು
15 ಮಾರ್ಚ್ 1998

ಮೋಳೇ,

ಮೂರು ವಾರ ನಿನ್ನನ್ನು ಕಾಯಿಸಿದೆ. ಬೈಯುವುದನ್ನು ಬಂದ ಮೇಲೆ ಬೈ, ಈಗ ಪೂರ್ತಿ ಓದು.

ನಿನ್ನ ಬಟ್ಟೆಯ ಗಂಟು ಬಂತು. ಬೀಗ ಹಾಕಿಕೊಂಡು ಅರ್ಧ ಗಂಟೆ ಹಿಸುಕಿದೆ. ಹತ್ತಿ ಬಿಟ್ಟರೆ ಏನೂ ಸಿಗಲಿಲ್ಲ. ನೀನು ಸುಳ್ಳು ಹೇಳಿದ್ದೀಯ, ಒಳಗೆ ಏನೂ ಇಲ್ಲ ಎಂದು ಹಟಕ್ಕೆ ಬಿದ್ದು ಹೊಲಿಗೆ ಬಿಚ್ಚಿದೆ. ಏಳೂ ಕಾಳು ಮಡಿಲಿಗೆ ಬಿದ್ದವು. ನನ್ನ ಕೈಗಳನ್ನು ನೋಡಿದರೆ ಯಾರದೋ ಕೈಗಳಂತೆ ಕಂಡವು.

ಕಾಳುಗಳನ್ನು ಮತ್ತೆ ಒಳಗೆ ಹಾಕಿ ಹೊಲಿದು, ಮರುದಿನ ಶೆಡ್ಡಿಗೆ ಒಯ್ದೆ. ಒಬ್ಬೊಬ್ಬರ ಕೈಗೂ ಕೊಟ್ಟೆ. ಇಪ್ಪತ್ತೇಳು ಮಂದಿಯಲ್ಲಿ ಇಬ್ಬರಿಗೆ ಮಾತ್ರ ಹುಣಸೆಬೀಜ ಸಿಕ್ಕಿತು. ಇಬ್ಬರೂ ಹೊಸದಾಗಿ ಸೇರಿದವರು. ಆಗ ಹೇಳಿದೆ, ನಾನು ಓದಿದ್ದು ತಪ್ಪು, ನಿಮಗೆ ಏನೂ ಇಲ್ಲ ಎಂದು ನಮಗೆ ಯಾರಿಗೂ ಗೊತ್ತಿಲ್ಲ ಎಂದು. ಬೈಯುತ್ತಾರೆ ಎಂದು ಕಾದೆ. ಒಬ್ಬಳೂ ಬೈಯಲಿಲ್ಲ. ಗೋಮತಿ ಮಾತ್ರ ತನ್ನ ಎಡಗಡೆ ಕೈಯಿಟ್ಟುಕೊಂಡು, "ಹಾಗಾದ್ರೆ ನಾನು ಬಸ್ ತಪ್ಪಿಸ್ಕೊಂಡಿದ್ದು ಸುಮ್ಸುಮ್ನೆ ಅನ್ನು" ಅಂದಳು. ನನ್ನನ್ನು ಹೊಡೆದಿದ್ದರೆ ಚೆನ್ನಾಗಿತ್ತು.

ಆ ಸಂಜೆಯೇ ಗ್ರೇಡಿಂಗ್ ಕೋಣೆಯ ಹೊಸ್ತಿಲಿಗೆ ಹೋದೆ. ಒಳಗೆ ಕಾಲಿಡಲಿಲ್ಲ. ವಿಲಾಸಿನಿಯಮ್ಮ ತಲೆಯೆತ್ತಿದಳು. ಬಟ್ಟೆಯ ಗಂಟನ್ನು ಅವಳ ಮೇಜಿಗೆ ಎಸೆದು, ಒಳಗೆ ಎಷ್ಟಿದೆ ಹೇಳು ಎಂದೆ. ಅವಳು ಕಣ್ಣು ಮುಚ್ಚಿ ಒಂದು ಸುತ್ತು ತಿರುಗಿಸಿದಳು. "ಏಳು. ಎರಡು ದೊಡ್ಡವು, ಮೂರು ಮೆಣಸು, ಎರಡು ಸಾಸಿವೆ. ಇದೇನಿದು ಚೆಲ್ಲಮ್ಮ?" ಹದಿನೈದು ವರ್ಷದ ಮೇಲೆ ಅವಳ ಬಾಯಲ್ಲಿ ನನ್ನ ಹೆಸರು. ವಿಷಯ ಹೇಳಿದೆ. ನಿನ್ನ ಹೆಸರನ್ನೂ ಹೇಳಿದೆ. ಅವಳು ತನ್ನ ಮೇಜನ್ನೇ ನೋಡುತ್ತಾ, "ಆ ಮಗು ಈಗ ನರ್ಸಾ?" ಎಂದು ಕೇಳಿದಳು.

ಮರುದಿನ ಊಟದ ಹೊತ್ತಿಗೆ ಬಂದಳು. ಪ್ಯಾಕಿಂಗ್ ಕೋಣೆಯ ಕಿಟಕಿಗೆ ಗೋಣಿ ಕಟ್ಟಿದೆವು. ಒಬ್ಬೊಬ್ಬರೇ ಒಳಗೆ ಹೋದರು, ನಾನು ಬಾಗಿಲಲ್ಲಿ ನಿಂತೆ. ಮೂರು ದಿನ ಹೀಗೇ ನಡೆಯಿತು. ಒಬ್ಬರನ್ನು ಮುಟ್ಟಿ ಕೈ ತೊಳೆಯುತ್ತಾಳಾ ಎಂದು ನಾನು ಅದನ್ನೇ ನೋಡುತ್ತಿದ್ದೆ. ತೊಳೆಯಲಿಲ್ಲ. ನಮ್ಮ ಲೋಟದಲ್ಲೇ ಕಪ್ಪು ಚಹಾ ಕುಡಿದಳು.

ಗೋಮತಿಯ ಎಡಗಡೆ ನೆಲ್ಲಿಕಾಯಿಯಷ್ಟು ಗಂಟು ಸಿಕ್ಕಿತು. ಅವತ್ತೇ ಆಸ್ಪತ್ರೆಗೆ ಕರೆದೊಯ್ದೆ. ಫಲಿತಾಂಶ ಬರುವವರೆಗೆ ಆರು ದಿನ ನನ್ನ ಜೀವ ನನ್ನಲ್ಲಿರಲಿಲ್ಲ. ಅಲ್ಲಿಯವರೆಗೆ ನಿನಗೆ ಬರೆಯಲಿಲ್ಲ. ಅದು ಬರೀ ನೀರು ತುಂಬಿದ ಗುಳ್ಳೆ ಮೋಳೇ. ಸೂಜಿಯಿಂದ ನೀರು ತೆಗೆದರು, ಕೆಟ್ಟದ್ದೇನೂ ಇಲ್ಲ ಅಂದರು. ಅವಳು ಬಸ್ಸಿನಲ್ಲಿ ಬರುವಾಗ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನಿನ್ನ ಪತ್ರ ಅವಳನ್ನು ಕೊಲ್ಲಲಿಲ್ಲ. ಇನ್ನು ನೀನೂ ನೆಮ್ಮದಿಯಾಗಿ ಊಟ ಮಾಡು.

ಉಳಿದದ್ದನ್ನು ಹೇಳಲೇಬೇಕು. ಮೂರನೆಯ ದಿನ ಇಪ್ಪತ್ತಾರು ಮಂದಿ ಆದ ಮೇಲೆ ವಿಲಾಸಿನಿಯಮ್ಮ ಹೊರಗೆ ಬಂದು, "ಇನ್ನೊಬ್ಬಳು ಬಾಕಿ" ಅಂದಳು. ನಾನು ಬಾಗಿಲು ಕಾಯುವವಳು, ನನಗೆ ಬೇಡ ಎಂದೆ. ಗೋಮತಿ ನನ್ನ ತೋಳು ಹಿಡಿದು ಒಳಗೆ ನೂಕಿದಳು. "ಬಾಗ್ಲು ನಾನ್ ಕಾಯ್ತೀನಿ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ನೀನು, ಹೋಗು."

ಕಣ್ಣು ಮುಚ್ಚಿ ಕೂತೆ. ಅವಳ ಕೈ ತಣ್ಣಗಿತ್ತು. ಎಡಗಡೆ ಸರಾಗವಾಗಿ ಹೋಯಿತು. ಬಲಗಡೆ ಕಂಕುಳ ಕೆಳಗೆ ನಿಂತಿತು. ಮತ್ತೆ ಸುತ್ತಿ ಬಂದು ಅಲ್ಲೇ ನಿಂತಿತು. ಮೂರು ಸಲ. ಗ್ರೇಡಿಂಗಿನವರ ಕೈ ಒಳ್ಳೆಯ ಬೀಜದ ಮೇಲೆ ನಿಲ್ಲುವುದಿಲ್ಲ, ಅದು ನನಗೆ ಗೊತ್ತು. ಅವಳು ನನ್ನ ಕುಪ್ಪಸದ ಗುಂಡಿಗಳನ್ನು ತಾನೇ ಹಾಕಿದಳು.

ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು, ನೋವಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆ ಆಯಿತು. ನೀನು ಹೆದರಿದ ಕಾಯಿಲೆಯೇ ಅದು. ಇನ್ನೂ ಚಿಕ್ಕದು, ಹರಡಿದಂತೆ ಕಾಣುವುದಿಲ್ಲ, ಬೇಗ ತೆಗೆದರೆ ದಾರಿಯಿದೆ ಎಂದರು ಡಾಕ್ಟರು. ಈ ತಿಂಗಳ ಇಪ್ಪತ್ತಾರಕ್ಕೆ ತಿರುವನಂತಪುರದಲ್ಲಿ ಆಪರೇಷನ್. ಗೋಮತಿ ಜೊತೆಗೆ ಬರುತ್ತಾಳೆ. ವಿಲಾಸಿನಿಯಮ್ಮನೂ ಬರುತ್ತೇನೆ ಅಂದಿದ್ದಾಳೆ, ಬೇಡ ಅನ್ನಲಿಲ್ಲ. ನಿನ್ನ ಬಟ್ಟೆಯ ಗಂಟು ಅವಳ ಹತ್ತಿರವೇ ಇದೆ. ಎರಡನೆಯ ಶೆಡ್ಡಿನವರೂ ಅವಳನ್ನು ಕರೆದಿದ್ದಾರಂತೆ.

ನನಗೆ ಭಯವಾಗಿದೆ. ಅದನ್ನು ಇಲ್ಲಿ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಎರಡು ಸಲ ಏನೂ ಇಲ್ಲ ಎಂದು ಬರೆದೆ. ಎರಡು ಸಲವೂ ಸುಳ್ಳು ಬರೆಯಲಿಲ್ಲ, ಬೆರಳು ಹೇಳಿದ್ದನ್ನೇ ಬರೆದೆ.

ಟೀಚರ ಅಪ್ಪಣೆ ಕೇಳಿ ಬೇಗ ಹೊರಟು ಬಾ. ಬಂದ ಮೇಲೆ ಎಲ್ಲಿದೆ ಎಂದು ನೀನೂ ಒಮ್ಮೆ ಮುಟ್ಟಿ ನೋಡು. ನಿನ್ನ ಬೆರಳು ಮೆತ್ತಗಿರಲಿ ಎಂದೇ ಅಲ್ಲವೇ ನಾನು ಇಷ್ಟು ವರ್ಷ ಬೀಜ ಒಡೆದದ್ದು.

ಅಮ್ಮ